ಗೊಡ್ಡು ಹೂ
ಹಬ್ಬದ ಮುಂಚಿನ ಕಡೂರು ಸಂತೆಯಲ್ಲಿ ಕುಂಬಳದ ಹೂವಿನ ಹಸಿ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಬೇಗಬೇಗ ಮುಂದೆ ನಡೆದುಬಿಡುತ್ತೇನೆ.

ಅಜ್ಜಂಪುರದ ನಮ್ಮ ಹಿತ್ತಲಲ್ಲಿ ಕುಂಬಳದ ಬಳ್ಳಿಯಿತ್ತು. ದೀಪಾವಳಿಗೆ ಹೊಸ್ತಿಲಲ್ಲಿಡುವ ಸಗಣಿ ಉಂಡೆಗಳಿಗೆ ಸಿಕ್ಕಿಸಲು ಆ ವರ್ಷ ಅಜ್ಜಿ ದಿನವೂ ನನ್ನಿಂದ ಹೂ ಕೀಳಿಸುತ್ತಿದ್ದಳು. "ಬುಡದಾಗೆ ಪುಟ್ಟ ಕಾಯಿ ಇರೋದನ್ನ ಮುಟ್ಬೇಡ ಕಣೇ. ಗೊಡ್ಡು ಹೂವನ್ನೆಲ್ಲ ಕಿತ್ಕೊಂಡ್ ಬಾ."

ನಾನು ಗೊಡ್ಡು ಹೂ ಒಂದನ್ನೂ ಬಿಡಲಿಲ್ಲ. ವಾರ ಕಳೆಯುವುದರೊಳಗೆ ಗೋಲಿಯಷ್ಟಿದ್ದ ಕಾಯಿಗಳು ಹಳದಿಯಾಗಿ, ಮೆತ್ತಗೆ ಕೊಳೆತು ಉದುರಿದವು.

ಮದುವೆಯಾಗಿ ಏಳು ವರ್ಷವಾದರೂ ಅಜ್ಜಿಯ ಕಿರಿಸೊಸೆ, ನನ್ನ ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಬಳ್ಳಿಗೆ ನೀರು ಹಾಕುತ್ತಿದ್ದವಳು ಅವಳೇ. ಅಜ್ಜಿ ಅವಳತ್ತ ತಿರುಗಿದಳು. "ಬಂಜೆ ಕೈನೀರು ಕುಡಿದ ಬಳ್ಳಿ ಇನ್ನೇನಾಯ್ತದೆ?"

ಎಂದೂ ಎದುರಾಡದ ಚಿಕ್ಕಮ್ಮ ಬಿಂದಿಗೆ ಕೆಳಗಿಟ್ಟಳು. ಕೊಳೆತ ಕಾಯಿಯೊಂದನ್ನು ಆರಿಸಿ ಅಜ್ಜಿಯ ಅಂಗೈಗೆ ಹಾಕಿದಳು.

"ನೀವು ಗೊಡ್ಡು ಅಂತ ಕೀಳಿಸಿದ್ದು ಗಂಡು ಹೂವನ್ನ, ಅತ್ತೆ. ಅದರ ಪುಡಿ ಬೀಳದೆ ಕಾಯಿ ಕಚ್ಚಲ್ಲ. ಕಾಯಿ ನಿಲ್ಲದಿದ್ರೆ ಬರೀ ಹೆಣ್ಣು ಹೂವನ್ನೇ ಯಾಕೆ ಬೈತೀರಿ?"

ಅಜ್ಜಿಯ ಕಣ್ಣು ಮಗನತ್ತ ಹೊರಳಿತು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ಒಳಗೆ ಹೋಗಿ ಚಿಲಕ ಹಾಕಿಕೊಂಡ.