ಒಂದು ತಿಂಗಳ ಗ್ಯಾರಂಟಿ

ಮನೆಗೇ ಹೋಗಿ ಕಂಪ್ಯೂಟರ್ ರಿಪೇರಿ ಮಾಡಿಕೊಡಲು ನನ್ನ ರೇಟು ಐನೂರು. ಇವತ್ತು ಹೋದ ಮನೆಯ ಯಜಮಾನರಿಗೆ ಅದನ್ನು ಬಾಗಿಲಲ್ಲೇ ಹೇಳಿದೆ.

"ಐನೂರು ಜಾಸ್ತಿಯಾಯ್ತು. ನಮ್ಮವರಾಗಿದ್ರೆ ಕಮ್ಮಿ ಮಾಡ್ತಿದ್ರಿ. ಅಂದ ಹಾಗೆ, ನೀವು ಯಾವ ಜನ?"

ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ. ಆದರೂ ಹೇಳಿದೆ.

ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು.

"ನೀನು ಇಲ್ಲೇ ಜಗಲಿ ಮೇಲೆ ಕೂತ್ಕೊ, ಲ್ಯಾಪ್‌ಟಾಪ್ ತರ್ತೀನಿ. ಮುನ್ನೂರು ಕೊಡ್ತೀನಿ. ಒಂದು ತಿಂಗಳು ಗ್ಯಾರಂಟಿ ಇರ್ಬೇಕು. ಅಷ್ಟರಲ್ಲಿ ಕೆಟ್ರೆ ಪುಕ್ಕಟೆ ಮಾಡ್ಕೊಡ್ಬೇಕು."

ಮನೆ ಬಾಡಿಗೆ ನೆನೆದು ಒಪ್ಪಿಕೊಂಡೆ. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ಆನ್ ಆಯಿತು. ದುಡ್ಡನ್ನು ಅವರು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟರು. ಬಗ್ಗಿ ಎತ್ತಿಕೊಂಡಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬಸ್ ಸ್ಟಾಪ್ ತಲುಪುವಷ್ಟರಲ್ಲಿ ಅವರದೇ ಫೋನ್ ಬಂತು.

"ಎಂಥ ರಿಪೇರಿನಯ್ಯಾ ನಿಂದು? ಮತ್ತೆ ಆಫ್ ಆಗಿ ಕೂತಿದೆ. ಗ್ಯಾರಂಟಿ ಕೊಟ್ಟಿದ್ದೀಯ, ವಾಪಸ್ ಬಾ."

"ನಾನು ಹೊರಟ ಮೇಲೆ ಅದಕ್ಕೆ ಏನಾದ್ರೂ ಮಾಡಿದ್ರಾ, ಸಾರ್?"

"ಏನೂ ಮಾಡಿಲ್ಲ. ನೀನು ಮುಟ್ಟಿದ್ಯಲ್ಲ, ಒಳಗೆ ತಗೊಳ್ಳೋ ಮುಂಚೆ ನೀರು ಚಿಮುಕಿಸಿ ಶುದ್ಧ ಮಾಡ್ಕೊಂಡೆ, ಅಷ್ಟೇ."