ತಲೆಗೆ ಎರಡು ಇಡ್ಲಿ

ಸಾರ್ವಜನಿಕ ನೀತಿಯಲ್ಲಿ ಬಿ.ಎ. ಓದುವವರು ಕೊನೆಯ ವರ್ಷ ಒಂದು ಆದೇಶ ಬರೆದು ಮೊಹರು ಒತ್ತಬೇಕು. ಒತ್ತಿದ ಕ್ಷಣವೇ ಅದು ಕಾಲೇಜಿನ ಹಿಂದಿನ ಬೀದಿಯಲ್ಲಿ ಅಕ್ಷರಶಃ ಜಾರಿಯಾಗುತ್ತದೆ. ಬೀದಿಯವರಿಗೆ ಇದೆಲ್ಲ ರೂಢಿ. ಹೋದ ವರ್ಷ ಯಾರೋ ‘ಮನೆಬಾಗಿಲಿಗೆ ನೀರು’ ಎಂದು ಬರೆದದ್ದರಿಂದ ಅಲ್ಲಿನ ಬಾಗಿಲುಗಳು ಇನ್ನೂ ಒದ್ದೆಯಾಗಿಯೇ ಇವೆ.

ಈ ಸಲ ಸರದಿ ಇಂದುಮುಖಿಯದು. ಎರಡು ಸಲ ಫೇಲಾದವಳಿಗೆ ಇದೇ ಕಡೆಯ ಅವಕಾಶ. ಬೀದಿಯ ನಡುವೆ ನಿಂತು, ‘ಇಲ್ಲಿರುವವರಿಗೆಲ್ಲ ತಲೆಗೆ ಎರಡು ಇಡ್ಲಿ, ಸ್ವಲ್ಪ ಹೊತ್ತಿನ ಬಳಿಕ ಒಂದು ಸೌಟು ಬಿಸಿ ಸಾಂಬಾರ್’ ಎಂದು ದುಂಡಗೆ ಬರೆದು ಮೊಹರು ಒತ್ತಿದಳು.

ಪಕ್ಕದಲ್ಲಿದ್ದ ಪರೀಕ್ಷಕ ಶ್ರೀಕಂಠಯ್ಯನವರ ಬೋಳುತಲೆಯ ಮೇಲೆ ಎರಡು ಇಡ್ಲಿಗಳು ಹಬೆಯಾಡುತ್ತ ಬಂದು ಕುಳಿತವು.

“ಏನಮ್ಮಾ ಇದು?”

“ತಲೆಗೆ ಎರಡು, ಸಾರ್...”

ಎದುರುಮನೆಯ ಪುಟ್ಟತಾಯಮ್ಮ ತುರುಬಿನ ಮೇಲಿನ ಇಡ್ಲಿ ಜಾರದಂತೆ ಹಿಡಿದುಕೊಂಡು ಕೂಗಿದರು: “ಏ ಹುಡುಗಿ, ಮೆತ್ತಗೈತೆ ಕಣೇ! ಸಾಂಬಾರೂ ತಲೆಗೇನಾ?”

ಬೀದಿಯವರೆಲ್ಲ ಆಗಲೇ ಕೊಡೆ ಬಿಚ್ಚುತ್ತಿದ್ದರು; ಶ್ರೀಕಂಠಯ್ಯನವರ ಬಳಿ ಕೊಡೆಯಿರಲಿಲ್ಲ. ಇಂದುಮುಖಿ ತಟ್ಟನೆ ‘ತಲೆಗೆ’ ಎಂಬುದನ್ನು ಹೊಡೆದುಹಾಕಿ ‘ಹೊಟ್ಟೆಗೆ’ ಎಂದು ತಿದ್ದಿ, ಮತ್ತೆ ಮೊಹರು ಒತ್ತಿದಳು.

ತಲೆಗಳ ಮೇಲಿನ ಇಡ್ಲಿಗಳು ಮಾಯವಾದವು. ಸಾಂಬಾರಿನ ಹೊತ್ತಿಗೆ ಬೀದಿಗೆ ಬೀದಿಯೇ ಒಟ್ಟಾಗಿ ತೇಗಿತು.

ಶ್ರೀಕಂಠಯ್ಯ ಹೊಟ್ಟೆ ಸವರಿಕೊಂಡರು. “ಪಾಸಮ್ಮಾ. ಎಲ್ಲರ ಹೊಟ್ಟೇನೂ ತುಂಬಿದೆ, ಯಾರದೂ ದೂರಿಲ್ಲ.”

“ಯಾಕಿಲ್ಲ?” ಪುಟ್ಟತಾಯಮ್ಮ ಸೊಂಟಕ್ಕೆ ಕೈಯಿಟ್ಟರು. “ಬಾಯಿಗೇನೂ ಬರ್ಲೇ ಇಲ್ವಲ್ಲ!”

ಇಂದುಮುಖಿ ಮತ್ತೆ ಪೆನ್ನು ತೆಗೆದಳು. ಶ್ರೀಕಂಠಯ್ಯ ಮೊಹರನ್ನು ಕಸಿದುಕೊಂಡು ಎದೆಗವಚಿಕೊಂಡರು.

“ಬೇಡಮ್ಮಾ, ಕೈಮುಗೀತೀನಿ! ಡಿಗ್ರಿ ಕೊಟ್ಟಾಯ್ತಲ್ಲ, ಇನ್ನು ಬಾಯಿಗೆ ಬಂದದ್ದೆಲ್ಲ ಬರೀಬೇಡ!”