ತೂಕದ ಕಲ್ಲು

ಸರ್ಕಾರದ ಗುಂಡಿಗೆ ಸತ್ತವರ ಬಟ್ಟೆ ದಿನದಿನಕ್ಕೂ ಭಾರವಾಗುತ್ತಾ ಹೋಗುವುದು ಆ ಕಾಲದಲ್ಲಿ ಯಾರಿಗೂ ಸೋಜಿಗವಾಗಿರಲಿಲ್ಲ. ಅದಕ್ಕೆಂದೇ ಊರೂರಿಗೊಂದು ತೂಕದ ಕಚೇರಿಯಿತ್ತು. ಬದನೆಕಾಯಿ ಮಾರುವ ನೀಲವ್ವ, ಗೋಲಿಬಾರಿನಲ್ಲಿ ಹೋದ ಮಗನ ಅಂಗಿಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಳು. ಗುಂಡು ಹೊಡೆದವರ ವಿಚಾರಣೆಯಾಗಲಿ ಎಂಬುದು ಅವಳ ಅರ್ಜಿ. ಒಳಗೆ ಹಾಲಿನಂಥ ಬೆಳಕು. ದೋಣಿಯಷ್ಟು ದೊಡ್ಡ ತಕ್ಕಡಿ ತನ್ನಷ್ಟಕ್ಕೆ ತೂಗಾಡುತ್ತಿತ್ತು.

ಗುಮಾಸ್ತ ಅಂಗಿಯನ್ನು ಒಂದು ತಟ್ಟೆಯಲ್ಲಿಟ್ಟ. ಇನ್ನೊಂದರಲ್ಲಿ, ನಿಯಮದಂತೆ, ಪರದೇಶದಲ್ಲಿ ಗುಂಡಿಗೆ ಸತ್ತ ಕೂಸಿನ ಪುಟ್ಟ ಫ್ರಾಕೊಂದನ್ನು ಏದುಸಿರು ಬಿಡುತ್ತಾ ತಂದಿಟ್ಟ. ಅಂಗಿ ಗರಿಯಂತೆ ಮೇಲೆದ್ದಿತು.

“ನೋಡವಾ, ಅಲ್ಲಿ ಆಗಿದ್ದರ ಮುಂದ ನಮ್ಮದು ಏನೂ ಅಲ್ಲ. ನಿನ್ನ ಅರ್ಜಿ ವಜಾ.”

ನೀಲವ್ವ ನಲವತ್ತು ವರ್ಷ ತಕ್ಕಡಿ ಹಿಡಿದವಳು. “ಬದನಿಕಾಯಿ ಎದುರಿಗೆ ಬದನಿಕಾಯಿ ಇಟ್ಟು ಯಾರರ ತೂಗತಾರೇನೋ ಯಪ್ಪಾ? ತೂಕದ ಕಲ್ಲು ಎಲ್ಲೈತಿ?”

ಗುಮಾಸ್ತ ಮೇಜಿನ ಕೆಳಗೆ, ಕಪಾಟಿನ ಹಿಂದೆ ಹುಡುಕಿದ. “ಹಿಂದಕ ಒಂದು ಇತ್ತಂತ. ನಾ ಬಂದಾಗಿಂದ ನೋಡಿಲ್ಲ.”

“ಈ ಕೂಸಿನ ತಾಯಿಗೆ ಅಲ್ಲಿ ಏನ್ ಹೇಳಿದ್ರು?”

“ಅಕಿಗೆ ಇನ್ನೊಂದು ದೇಶ ತೋರಿಸಿದ್ರಂತ.”

ನೀಲವ್ವ ಎರಡೂ ಕೈಯಿಂದ ಫ್ರಾಕನ್ನೆತ್ತಿ ಎದೆಗವಚಿಕೊಂಡಳು. ನಿಧಾನವಾಗಿ ಮಡಿಸಿ ಮಗನ ಅಂಗಿಯ ಪಕ್ಕಕ್ಕಿಟ್ಟಳು. ಆ ತಟ್ಟೆ ತೇಲುತ್ತಾ ಇಳಿದು ನೆಲಕ್ಕೆ ಕೂತಿತು. ಅವಳೂ ಅದರ ಪಕ್ಕದಲ್ಲೇ ಕೂತು, ಮೇಲೆ ತೂಗುತ್ತಿದ್ದ ಖಾಲಿ ತಟ್ಟೆಯತ್ತ ಕೈ ಮಾಡಿದಳು.

“ಈಗ ಕಲ್ಲು ಹುಡುಕಿ ತಗೊಂಡು ಬಾ. ಅಲ್ಲೀತನಕ ಮೂವರೂ ಇಲ್ಲೇ ಇರತೀವಿ.”